ಅತ್ತೆಗೆ ಬೇಕಾದದ್ದು ಕೆರೆಯಲ್ಲ, ಒಂದು ಡಬ್ಬಿ ಮಣ್ಣು

ಪ್ರಶ್ನೆ: ನಮ್ಮ ಅತ್ತೆಗೆ 71 ವರ್ಷ. ಮಾವ ತೀರಿಕೊಂಡ ಮೇಲೆ ನರಗುಂದದ ಹತ್ತಿರದ ಹಳ್ಳಿಯಿಂದ ಅವರನ್ನು ಇಲ್ಲಿಗೆ ಕರೆತಂದು ಎಂಟು ತಿಂಗಳಾಯಿತು. ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ರಾತ್ರಿ ನಿದ್ದೆ ಇಲ್ಲ, ಹಗಲು ಟಿವಿ ಮುಂದೆ ತೂಕಡಿಸುತ್ತಾರೆ. ಊಟವೂ ಕಡಿಮೆ. ಬಿಪಿ, ಶುಗರ್, ಥೈರಾಯ್ಡ್ ಎಲ್ಲ ಸರಿ ಇವೆ. ಉಣಕಲ್ ಕೆರೆಗೆ ವಾಕಿಂಗ್ ಕರೆದೊಯ್ದರೆ ‘ಸುಮ್ನ ಯಾಕ ಸುತ್ತೋದು’ ಅಂತ ಬೆಂಚಿನ ಮೇಲೆ ಕೂತುಬಿಡುತ್ತಾರೆ. ಹಸಿರು ನೋಡಿದರೆ ಆರೋಗ್ಯ ಸುಧಾರಿಸುತ್ತೆ ಅಂತಾರಲ್ಲ, ನಿಜಾನಾ ಡಾಕ್ಟ್ರೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಅತ್ತೆ ಕೇಳಿದ್ದು ಸರಿಯಾಗಿಯೇ ಇದೆ ತಂಗಿ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬಂದ ಕಾಲುಗಳಿಗೆ ಕೆರೆಯ ಸುತ್ತ ಸುಮ್ನೆ ಸುತ್ತುವುದು ಅರ್ಥವಾಗುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ, ನಮ್ಮವ್ವನಿಂದ. ಅವಳನ್ನು ನವಲಗುಂದದ ಕಡೆಯ ನಮ್ಮೂರಿನಿಂದ ಧಾರವಾಡಕ್ಕೆ ಕರೆತಂದಾಗ ಬೇರೆ ಖೋಲಿ, ಫ್ಯಾನು, ಟಿವಿ ಎಲ್ಲ ಕೊಟ್ಟಿದ್ದೆ. ಮೂರು ತಿಂಗಳಲ್ಲಿ ಸೊರಗಿದಳು. ನಾನು ಟಾನಿಕ್ ಬರೆದೆ! ಒಂದು ದಿನ ಅವಳೇ ಖಾಲಿ ಎಣ್ಣೆ ಡಬ್ಬಿ ಕೇಳಿದಳು. ಹಿತ್ತಲಿನ ಕೆಂಪು ಮಣ್ಣು ತುಂಬಿ ಕೊಟ್ಟೆ. ಬೊಗಸೆಯಲ್ಲಿ ಹಿಡಿದು ನೋಡಿ, ‘ಏನೋ ಇದು, ಮಣ್ಣೋ ಇಟ್ಟಂಗಿ ಪುಡಿಯೋ?’ ಅಂದಳು. ಕೊನೆಗೆ ನಮ್ಮ ಹೊಲದಿಂದ ಒಂದು ಚೀಲ ಎರೆಮಣ್ಣನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆ. ಬರೀ ಎರೆಮಣ್ಣು ಡಬ್ಬಿಯಲ್ಲಿ ನೀರು ಹಿಡಿದು ನಿಲ್ಲುತ್ತೆ, ಒಣಗಿದರೆ ಬಿರಿಯುತ್ತೆ. ಅದಕ್ಕೆ ಅವಳು ನಾನು ಬೈಸಿಕೊಂಡ ಕೆಂಪು ಮಣ್ಣನ್ನೇ ಅರ್ಧ ಬೆರೆಸಿ, ಮೇಲೆ ತಿಪ್ಪೆಗೊಬ್ಬರ ಹಾಕಿದಳು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಉಂಡೆ ಮಾಡುವಳು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವಳು. ಪುಡಿಯಾಗಿ ಉದುರಿದರೆ ಹದ ಬಂತು ಅಂತ. ಇಷ್ಟು ಮಾಡಿ ಹೀರೆ ಬೀಜ ಊರಿದಳು. ಆರನೇ ದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿ ತೋರಿಸಿದಳು. ಬೀಜದ ಕರಿ ಸಿಪ್ಪೆಯನ್ನು ಟೊಪ್ಪಿಗೆಯಂತೆ ಹೊತ್ತುಕೊಂಡೇ ಎರಡು ಎಲೆ ಮೇಲೆ ಬಂದಿದ್ದವು. ಮೊಣಕಾಲು ನೋವೇನೂ ಹೋಗಲಿಲ್ಲ. ಊರು ಬಿಡಿಸಿದ ಸಿಟ್ಟೂ ಪೂರ್ತಿ ಹೋಗಲಿಲ್ಲ. ಆದರೆ ರಾತ್ರಿ ಹತ್ತಕ್ಕೆ ಗೊರಕೆ ಕೇಳತೊಡಗಿತು.

ಗೊರಕೆಗೆ ಕಾರಣ ಹೀರೆ ಬಳ್ಳಿ ಒಂದೇ ಅಲ್ಲ. ನಮ್ಮ ಮೈಯೊಳಗಿನ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಮನೆಯೊಳಗೆ ಟ್ಯೂಬ್‌ಲೈಟ್ ಹಾಕಿದರೂ ಸಿಗುವುದು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ). ಹೊರಗೆ ಮೋಡ ಕವಿದ ದಿನವೂ ಸಾವಿರಾರು ಲಕ್ಸ್ ಇರುತ್ತೆ. ಪರದೆ ಎಳೆದ ಕೋಣೆಯಲ್ಲಿ ಹಗಲೆಲ್ಲ ತೂಕಡಿಸಿದರೆ ರಾತ್ರಿ ಯಾವುದು, ಹಗಲು ಯಾವುದು ಅಂತ ಮೈಗೆ ಹೇಗೆ ತಿಳಿಯಬೇಕು?

ಹಸಿರು ನೋಡುವುದರ ಬಗ್ಗೆ ಕೇಳಿದ್ದೀರಿ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಅಮೆರಿಕದ ಒಂದು ಆಸ್ಪತ್ರೆಯ ದಾಖಲೆಗಳನ್ನು ತೆಗೆದು ನೋಡಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ 23 ಮಂದಿಯ ಕಿಟಕಿಗೆ ಮರ ಕಾಣುತ್ತಿತ್ತು, ಇನ್ನು 23 ಮಂದಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸುಮಾರು ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ನೋವಿನ ಬಲವಾದ ಔಷಧಿಗಳೂ ಅವರಿಗೆ ಕಡಿಮೆ ಸಾಕಾದವು. ಚಿಕ್ಕ ಅಧ್ಯಯನ, ಆದರೂ ನನಗೆ ಇಷ್ಟ. 2019ರಲ್ಲಿ ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ನೋಡಿದಾಗ, ವಾರಕ್ಕೆ 120 ನಿಮಿಷವಾದರೂ ಗಿಡಮರಗಳ ನಡುವೆ ಕಳೆಯುವವರಲ್ಲಿ ‘ಆರೋಗ್ಯವಾಗಿದ್ದೇವೆ’ ಎಂದವರು ಜಾಸ್ತಿ ಇದ್ದರು. ಒಂದೇ ಸಲ ಹೋದರೂ ಅಷ್ಟೇ, ಬಿಡಿಬಿಡಿಯಾಗಿ ಹೋದರೂ ಅಷ್ಟೇ. ಆರೋಗ್ಯ ಇದ್ದವರೇ ಹೊರಗೆ ಜಾಸ್ತಿ ಹೋಗುತ್ತಾರೆ ಅಂತಲೂ ಇರಬಹುದು, ಅಲ್ವಾ? ಹಾಗಾಗಿ ಇದನ್ನು ಔಷಧಿಯ ಡೋಸ್ ಅಂತ ಹಿಡಿಯಬೇಡಿ.

ನೀವು ಮಸಾಲೆ ಡಬ್ಬಿಯ ಮೆಂತೆಯಿಂದಲೇ ಶುರು ಮಾಡಿ. ಬೇಗ ಮೊಳಕೆ ಬರುತ್ತೆ, ತಿಂಗಳೊಳಗೆ ಪಲ್ಲೆಗೆ ಆಗುತ್ತೆ. ಖಾಲಿ ಎಣ್ಣೆ ಡಬ್ಬಿಯ ತಳಕ್ಕೆ ತೂತು ಹಾಕಿ ಬಿಸಿಲು ಬರುವ ಬಾಲ್ಕನಿಯಲ್ಲಿ ಇಡಿ. ನೀರು ಎಷ್ಟು ಹಾಕಬೇಕು ಅಂತ ಅವರನ್ನೇ ಕೇಳಿ. ಗೊತ್ತಿದ್ದರೂ ಕೇಳಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಕರೆದೊಯ್ಯಿರಿ. ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ ತಾನೇ.

ಇನ್ನೊಂದು ಮಾತು. ಗಂಡನನ್ನು ಕಳೆದುಕೊಂಡವರು, ಊಟ ನಿದ್ದೆ ಎರಡೂ ಕೆಟ್ಟಿವೆ. ಇದು ಖಿನ್ನತೆಯೂ ಆಗಿರಬಹುದು. ಮೆಂತೆ ಮೊಳೆಯುವವರೆಗೆ ಕಾಯದೆ ಮನೋವೈದ್ಯರಿಗೆ ತೋರಿಸಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ನಾಚಿಕೆ ಬೇಡ.

ಪ್ರಶ್ನೆ: ಹೊಸ ಲೇಔಟಿನ ಕಡೆ ಬೆಳಿಗ್ಗೆ ವಾಕಿಂಗ್ ಶುರು ಮಾಡಿದ ಮೇಲೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ವಿಪರೀತ ತುರಿಕೆ. ನಿಸರ್ಗ ನನಗೆ ಆಗಿಬರುವುದಿಲ್ಲವೇ?
— ಓದುಗರು, ಗದಗ

ಉತ್ತರ: ನಿಸರ್ಗದ ಮೇಲೆ ತಪ್ಪು ಹೊರಿಸಬೇಡಿ, ಕಾಂಗ್ರೆಸ್ ಕಸದ ಮೇಲೆ ನನಗೆ ಅನುಮಾನ. ಖಾಲಿ ಸೈಟುಗಳಲ್ಲಿ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಡುತ್ತದಲ್ಲ, ಅದೇ. ಇದು ಹೊರದೇಶದಿಂದ ಬಂದ ಕಳೆ. ಒಣಗಿದ ಎಲೆಯ ಪುಡಿ, ಹೂವಿನ ಪುಡಿ ಗಾಳಿಯಲ್ಲಿ ಹಾರಿ ಕೂರುವುದೇ ನೀವು ಹೇಳಿದ ಜಾಗಗಳಲ್ಲಿ. ದಾರಿ ಬದಲಿಸಿ, ತುಂಬು ತೋಳಿನ ಅಂಗಿ ಹಾಕಿ, ಬಂದ ಕೂಡಲೇ ಸ್ನಾನ ಮಾಡಿ. ಬರಿಗೈಯಲ್ಲಿ ಕೀಳಲು ಹೋಗಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಅಂಗಡಿಯವರು ಕೊಡುವ ಟ್ಯೂಬ್ ಬೇಡ.

ಪ್ರಶ್ನೆ: ಅರಳಿಕಟ್ಟೆಯ ಮೇಲೆ ರಾತ್ರಿ ಮಲಗಿದರೆ ಆಮ್ಲಜನಕ ಜಾಸ್ತಿ ಸಿಗುತ್ತದೆಯೇ?
— ಓದುಗರು, ಹಾವೇರಿ

ಉತ್ತರ: ಇಲ್ಲ. ಗಿಡಗಳು ಆಮ್ಲಜನಕ ಬಿಡಲು ಬೆಳಕು ಬೇಕು. ಕತ್ತಲಾದ ಮೇಲೆ ಅರಳಿಯೂ ನಮ್ಮಂತೆ ಉಸಿರಾಡುತ್ತೆ. ಅದರಿಂದ ನಿಮಗೆ ತೊಂದರೆಯೇನೂ ಇಲ್ಲ. ತಂಪಿಗೆ ಮಲಗಿ, ಸೊಳ್ಳೆ ಪರದೆ ಮರೆಯಬೇಡಿ.