ಬಿಸಿಲಿಗೆ ತೋಟಾದ ಮದ್ದು ಜೋರಾಗುತ್ತದಾ?

ಪ್ರಶ್ನೆ: ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಲೈಸೆನ್ಸ್ ಇರುವ .315 ರೈಫಲ್ ಇದೆ. ಏಪ್ರಿಲ್‌ನಲ್ಲಿ ಶೂಟಿಂಗ್ ರೇಂಜಿಗೆ ಹೋದಾಗ 100 ಮೀಟರಿಗೆ ಗುಂಡು ನಾಲ್ಕು ಬೆರಳು ಮೇಲೆ ಬೀಳುತ್ತಿತ್ತು. ಬೋಲ್ಟ್ (ತೋಟಾ ಹಾಕಿ ಹಿಂದಿನಿಂದ ಮುಚ್ಚುವ ಭಾಗ) ಎತ್ತಲೂ ಬಿಗಿ. ಚಳಿಗಾಲದಲ್ಲಿ ಹೀಗಿರಲಿಲ್ಲ. ಖಾಲಿ ತೋಟಾಗಳಿಗೆ ಮನೆಯಲ್ಲೇ ಕಡಿಮೆ ಮದ್ದು ತುಂಬಿಕೊಂಡರೆ ಸರಿಹೋಗುತ್ತದಾ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ: ಬೇಡ. ರೈಫಲ್ ಇಟ್ಟುಕೊಳ್ಳುವ ಲೈಸೆನ್ಸೇ ಬೇರೆ, ತೋಟಾ ತಯಾರಿಸುವ ಲೈಸೆನ್ಸೇ ಬೇರೆ. 1959ರ ಆರ್ಮ್ಸ್ ಆ್ಯಕ್ಟ್‌ನ 5ನೇ ಸೆಕ್ಷನ್ ನೋಡಿ. ಕಡಿಮೆ ಮದ್ದು ಅಂದರೆ ಸೇಫ್ ಅನ್ನೋದೂ ಸುಳ್ಳು. ಒತ್ತಡ ಸಾಲದೆ ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡರೆ, ಅದರ ಹಿಂದೆ ಹೊಡೆದ ಇನ್ನೊಂದು ಗುಂಡಿಗೆ ನಳಿಕೆಯೇ ಸಿಡಿಯಬಹುದು.

ಬಿಸಿಲಿಗೆ ಮದ್ದು ಬೇಗ ಉರಿಯುವುದು ನಿಜ. ಬೇಗ ಉರಿದಷ್ಟೂ ಒತ್ತಡ ಜಾಸ್ತಿ. ಆದರೆ ವೇಗ ಸ್ವಲ್ಪ ಏರುವಷ್ಟರಲ್ಲಿ ಒತ್ತಡ ಅದಕ್ಕಿಂತ ಬಹಳ ಏರಿರುತ್ತದೆ. ಲೆಕ್ಕ ಹಾಕೋಣ. ಸೆಕೆಂಡಿಗೆ 600 ಮೀಟರ್ ವೇಗದ ಗುಂಡು 100 ಮೀಟರ್ ದಾಟುವಾಗ ಸುಮಾರು 14 ಸೆಂ.ಮೀ. ಇಳಿಯುತ್ತದೆ. ಬಿಸಿಲಿಗೆ ವೇಗ 15 ಮೀಟರ್ ಹೆಚ್ಚಿತು ಅಂದುಕೊಳ್ಳಿ. ಇಳಿತದಲ್ಲಿ ಒಂದು ಸೆಂ.ಮೀ. ವ್ಯತ್ಯಾಸವೂ ಬರುವುದಿಲ್ಲ. ನಿಮ್ಮ ನಾಲ್ಕು ಬೆರಳಿಗೆ ಕಾರಣ ಬೇರೆ ಇದೆ. ನಳಿಕೆ ಕಾದಿರಬಹುದು, ಹಿಡಿಕೆಯ ಸ್ಕ್ರೂ ಸಡಿಲ ಆಗಿರಬಹುದು.

ನನಗೆ ಚಿಂತೆ ಇರೋದು ಬೋಲ್ಟ್‌ನದು. ಹಾರಿಸಿದ ತೋಟಾದ ಹಿಂಭಾಗವನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಇರುವ ಪ್ರೈಮರಿನ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ದುಂಡು ಅಂಚು ಚಪ್ಪಟೆಯಾಗಿ ಸುತ್ತಲಿನ ಹಿತ್ತಾಳೆಗೆ ಅಂಟಿದಂತಿದೆಯಾ? ಪ್ರೈಮರಿಗೆ ಪಿನ್ ಬಡಿದ ಗುರುತಿನ ಸುತ್ತ ಲೋಹ ಉಬ್ಬಿದೆಯಾ? ಹಾಗಿದ್ದರೆ ಒತ್ತಡ ಮಿತಿ ಮೀರಿರಬಹುದು. ಅಲ್ಲಿಗೇ ಹಾರಿಸುವುದು ನಿಲ್ಲಿಸಿ. ಈ ಗುರುತು ಕಾಣದಿದ್ದರೂ ನಿರಾಳ ಆಗಬೇಡಿ. ಚೇಂಬರಿನಲ್ಲಿ (ತೋಟಾ ಕೂರುವ ಜಾಗ) ಎಣ್ಣೆ ಉಳಿದರೂ ಬೋಲ್ಟ್ ಮೇಲೆ ಹೊರೆ ಬೀಳುತ್ತದೆ. ಹಾರಿಸುವ ಮೊದಲು ಒಣಬಟ್ಟೆಯಲ್ಲಿ ಒರೆಸುವ ರೂಢಿ ಇದೆಯಾ?

ತೋಟಾ ಎಲ್ಲಿಡುತ್ತೀರಿ ಎಂದು ಬರೆದಿಲ್ಲ. ನಮ್ಮ ರಾಯಚೂರು ಕಡೆ ತಗಡಿನ ಚಾವಣಿ ಕೆಳಗಿನ ಟ್ರಂಕಾದರೆ, ಅಲ್ಲಿನ ಬಿಸಿ ಹೊರಗಿನ 42 ಡಿಗ್ರಿಗಿಂತ ಜಾಸ್ತಿಯೇ. ಕಾರಿನ ಡ್ಯಾಶ್‌ಬೋರ್ಡ್ ಇನ್ನೂ ಕೆಟ್ಟದು. ಮನೆಯೊಳಗೆ ತಂಪಾದ ಗೋಡೆ ಪಕ್ಕ ಬೀಗ ಹಾಕಿ ಇಡಿ, ರೇಂಜಿನಲ್ಲಿ ನೆರಳಿಗಿಡಿ. ಕಾದ ಚೇಂಬರಿನಲ್ಲಿ ತೋಟಾ ಹಾಕಿಕೊಂಡು ಸುಮ್ನೆ ಹರಟೆ ಹೊಡೆಯಬೇಡಿ.

ಅದೇ ಖಾಲಿ ತೋಟಾಗಳನ್ನು ಎಸೆಯದೆ, ರೈಫಲ್ ಜೊತೆ ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ.