ಉಣ್ಣೆ ಜ್ವರದ ಹೊಸ ಔಷಧಿಯನ್ನು ಹಸುವಿಗೆ ಕೊಡುವ ಮೊದಲು ಹೇಗೆ ಪರೀಕ್ಷೆ ಮಾಡುತ್ತಾರೆ?

ನಮ್ಮ ಬೀದರ್ ಕಡೆ ದೇವಣಿ ತಳಿಯ ಹಸುವಿಗೆ ಜ್ವರ ಬಂದು ಮೂತ್ರ ಕೆಂಪಾದರೆ ಮೊದಲ ಅನುಮಾನ ಉಣ್ಣೆಯಿಂದ ಹರಡುವ ಬೆಬೀಸಿಯಾ ಮೇಲೆ, ಅಲ್ವಾ? ಅದು ಕೆಂಪು ರಕ್ತಕಣದ ಒಳಗೇ ಬದುಕುವ ಪರಾವಲಂಬಿ, ಬ್ಯಾಕ್ಟೀರಿಯಾ ಥರ ಸುಮ್ನೆ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಅದಕ್ಕೇ ಲ್ಯಾಬ್‌ನಲ್ಲಿ ಹಸುವಿನ ರಕ್ತಕಣಗಳಲ್ಲೇ, ಆಮ್ಲಜನಕ ಕಡಿಮೆ ಇಟ್ಟು, 37 ಡಿಗ್ರಿಯಲ್ಲಿ ಬೆಳೆಸುತ್ತಾರೆ. 1980ರಲ್ಲಿ ಲೆವಿ ಮತ್ತು ರಿಸ್ಟಿಕ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟ ದಾರಿ ಇದು. ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ, ಮೂರ್ನಾಲ್ಕು ದಿನ ಜೀಮ್ಸಾ ಬಣ್ಣ ಹಾಕಿದ ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ತೆಳ್ಳಗೆ ಸವರಿದ ರಕ್ತದಲ್ಲಿ) ಸೋಂಕು ತಗುಲಿದ ಕಣ ಎಣಿಸುತ್ತಾರೆ. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣವೇ ಐಸಿ50. ಪಕ್ಕದಲ್ಲಿ ಹಳೆಯ ಔಷಧಿ ಡಿಮಿನಾಜಿನ್ ಇಟ್ಟು ಹೋಲಿಸುತ್ತಾರೆ. ಅದೇ ಪ್ರಮಾಣಕ್ಕೆ ಹಸುವಿನ ಜೀವಕೋಶವೂ ಸತ್ತರೆ ಔಷಧಿ ದಂಡ.