ಯಾವುದು ಎಡ, ಯಾವುದು ಬಲ?

ಆತ್ಮೀಯರೇ,

ಮಿದುಳಿನ ಸ್ಕ್ಯಾನ್ ಚಿತ್ರಗಳಲ್ಲಿ ಎಡ-ಬಲ ಅದಲುಬದಲಾಗುವ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಕೈಬಿಡುವ ವಿಷಯವೂ ಇದಲ್ಲ, ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ಮಿದುಳಿನ ಗುಣಗಾನ. ಅದನ್ನು ಪೂರ್ತಿ ತೆಗೆಯಿರಿ. ಎಡ ಮಿದುಳಿನವರು ಲೆಕ್ಕದಲ್ಲಿ ಜಾಣರು, ಬಲ ಮಿದುಳಿನವರು ಕಲಾವಿದರು ಎಂಬ ಸಾಲಂತೂ ತಪ್ಪು. ಜನರನ್ನು ಹಾಗೆ ಎರಡು ಪಂಗಡ ಮಾಡಲು ಆಧಾರವಿಲ್ಲ. ಕೆಲವು ಕೆಲಸಗಳು ಮಿದುಳಿನ ಒಂದು ಬದಿಗೆ ವಾಲಿರುತ್ತವೆ ಎನ್ನಲು ಗಟ್ಟಿ ಉದಾಹರಣೆ ಬೇಕಿದ್ದರೆ 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ ರೋಗಿಯಿದ್ದಾನೆ. ಏನು ಕೇಳಿದರೂ ಅವನ ಬಾಯಲ್ಲಿ ಹೆಚ್ಚಾಗಿ ಬರುತ್ತಿದ್ದುದು 'ಟಾನ್' ಎಂಬ ಒಂದೇ ಸದ್ದು. ಸತ್ತ ಮೇಲೆ ನೋಡಿದರೆ ಹಾನಿಯಾಗಿದ್ದುದು ಮಿದುಳಿನ ಎಡ ಮುಂಭಾಗಕ್ಕೆ.

ದೊಡ್ಡ ತೊಡಕು ನಡುವಿನ ಪುಟಗಳಲ್ಲಿದೆ. ಮೂರು ಬೇರೆ ಸಂಗತಿಗಳನ್ನು ನೀವು ಒಂದೇ ಗಂಟು ಕಟ್ಟಿದ್ದೀರಿ. ಒಂದು, ತೋರಿಸುವ ರೂಢಿ: ರೇಡಿಯಾಲಜಿಯವರು ರೋಗಿಯನ್ನು ಎದುರಿನಿಂದ ನೋಡಿದಂತೆ ಚಿತ್ರ ಇಡುತ್ತಾರೆ, ಅವನ ಎಡ ನಮ್ಮ ಬಲಕ್ಕೆ ಬರುತ್ತದೆ. ಇದು ತಪ್ಪಲ್ಲ. ಎರಡು, ನಿಜವಾದ ತಪ್ಪು: ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಹಳೆಯ 'ಅನಲೈಸ್' ಮಾದರಿಯ ಕಡತಗಳಲ್ಲಿ ಯಾವ ಬದಿ ಯಾವುದೆಂಬ ನಂಬಲರ್ಹ ದಾಖಲೆ ಇರುತ್ತಿರಲಿಲ್ಲ. ಒಂದು ತಂತ್ರಾಂಶ ಹೀಗೆ ಓದಿದರೆ ಇನ್ನೊಂದು ಹಾಗೆ ಓದುತ್ತಿತ್ತು. ಆ ಗೊಂದಲ ನೀಗಿಸಲೆಂದೇ 'ನಿಫ್ಟಿ' ಎಂಬ ಹೊಸ ಕಡತ ಮಾದರಿ ಬಂತು.

ಮೂರನೆಯದು ಬೇಕೆಂದೇ ಮಾಡುವ ಅದಲುಬದಲು. ಪಾರ್ಶ್ವವಾಯು ಅಧ್ಯಯನದಲ್ಲಿ ಕೆಲವರಿಗೆ ಹಾನಿ ಎಡಕ್ಕೆ, ಕೆಲವರಿಗೆ ಬಲಕ್ಕೆ ಆಗಿರುತ್ತದೆ. ಎಲ್ಲರನ್ನೂ ಒಟ್ಟಿಗೆ ಹೋಲಿಸಲು ಒಂದು ಗುಂಪಿನ ಚಿತ್ರಗಳನ್ನು ಕನ್ನಡಿಬಿಂಬ ಮಾಡಿಕೊಳ್ಳುತ್ತಾರೆ. 'ಇದರಿಂದ ಏನೂ ನಷ್ಟವಿಲ್ಲ' ಎಂದು ಬರೆದಿದ್ದೀರಿ. ನಷ್ಟವಿದೆ. ಮಿದುಳಿನ ಎರಡು ಹೋಳುಗಳು ಸರಿಸಮವಲ್ಲ. 1968ರಲ್ಲಿ ಗೆಷ್ವಿಂಡ್ ಮತ್ತು ಲೆವಿಟ್ಸ್ಕಿ ಎಂಬ ಸಂಶೋಧಕರು 100 ಮಿದುಳುಗಳನ್ನು ಅಳೆದಾಗ, ಮಾತಿಗೆ ಸಂಬಂಧಿಸಿದ ಒಂದು ಪ್ರದೇಶ 65ರಲ್ಲಿ ಎಡಕ್ಕೇ ದೊಡ್ಡದಿತ್ತು. ಅದಕ್ಕೇ ಮೂಲ ಚಿತ್ರ ಮತ್ತು ಅದರ ಬಿಂಬ ಎರಡರ ಸರಾಸರಿಯಿಂದ ಎಡ-ಬಲ ಒಂದೇ ತೆರನಿರುವ ಮಾದರಿ ಮಿದುಳಿನ ಚಿತ್ರ ತಯಾರಿಸಿ, ಅದಕ್ಕೆ ಎಲ್ಲ ಚಿತ್ರಗಳನ್ನೂ ಹೊಂದಿಸುತ್ತಾರೆ. ಆಗಲೂ ಭಾಷೆಯಂಥ ಕೆಲಸ ಎಡಕ್ಕೆ ವಾಲಿರುವುದು ಮಾಯವಾಗುವುದಿಲ್ಲ. ಇಲ್ಲಿ ಇನ್ನಷ್ಟು ಹೊತ್ತು ನಿಲ್ಲಿ; ಲೇಖನದ ಜೀವ ಇಲ್ಲಿದೆ.

ಕೊನೆಯ ಪುಟದ ಒಂದು ಸಾಲು ಓದಿ ಖುಷಿಪಟ್ಟೆ: ಸ್ಕ್ಯಾನ್‌ಗೆ ಮೊದಲು ಹಣೆಯ ಬಲಬದಿಯ ಮೇಲೆ ವಿಟಮಿನ್ ಇ ಗುಳಿಗೆಯೊಂದನ್ನು ಅಂಟಿಸುವುದು. ಒಳಗಿನ ಎಣ್ಣೆ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ, ಆ ಚುಕ್ಕೆ ಇರುವ ಕಡೆಯೇ ಬಲ. ಲೇಖನ ಅಲ್ಲಿಂದಲೇ ಶುರುವಾಗಲಿ. ಅಂಟುಪಟ್ಟಿ, ಗುಳಿಗೆ, ಚರ್ಮ ಎಲ್ಲವೂ ಓದುಗರಿಗೆ ಕಾಣಲಿ.

ಇನ್ನೊಂದು ಮಾತು. ನೀವು ಕಳುಹಿಸಿದ ಚಿತ್ರದಲ್ಲಿ ಎಡ ಯಾವುದೆಂಬ ಗುರುತೇ ಇಲ್ಲ. ಗುರುತು ಹಾಕಿ ಮತ್ತೆ ಕಳುಹಿಸಿ, ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ